ಹಳೇ ಚರ್ಚಿನ ಪಕ್ಕ ಫ್ಲಾಟ್ ನೋಡ್ತಿದ್ದೀರಾ?

ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆಯಿಂದ ಪುಣೆಗೋ ಬೆಂಗಳೂರಿಗೋ ಹೋಗಿ ಕೆಲಸ ಹಿಡಿದವರು ಫ್ಲಾಟ್ ಹುಡುಕುವಾಗ ಬಾಲ್ಕನಿಯಿಂದ ಏನು ಕಾಣುತ್ತೆ ಅಂತ ಮೊದಲು ನೋಡ್ತಾರೆ. ನೂರೈವತ್ತು ವರ್ಷದ ಚರ್ಚ್ ಕಂಡರೆ ಬಿಲ್ಡರ್ ಅದನ್ನೂ ರೇಟಿಗೆ ಸೇರಿಸ್ತಾನೆ. ನೋಟ ಚೆಂದವೇ. ಆದರೆ ಎತ್ತರದ ಕಟ್ಟಡ ಹಳೇ ಕಟ್ಟಡಕ್ಕೆ ಪೆಟ್ಟು ಕೊಡೋದು ಹೆಚ್ಚಾಗಿ ನೆಲದೊಳಗಿಂದ, ಅದು ಬಾಲ್ಕನಿಗೆ ಕಾಣಲ್ಲ.

ಅಮೆರಿಕದ ಬಾಸ್ಟನ್ನಿನಲ್ಲಿ ಹಾಗೇ ಆಯ್ತು. ಅಲ್ಲಿನ ಟ್ರಿನಿಟಿ ಚರ್ಚ್ 1877ರದ್ದು. ಜೌಗು ತುಂಬಿಸಿದ ನೆಲದಲ್ಲಿ ಸುಮಾರು 4,500 ಮರದ ಕಂಬ ಹೂತು ಅವುಗಳ ಮೇಲೆ ಕಟ್ಟಿದ್ದು. ಆ ಕಂಬಗಳು ಸದಾ ನೀರಲ್ಲೇ ಮುಳುಗಿರಬೇಕು, ಗಾಳಿ ತಾಗಿದರೆ ಕೊಳೆಯುತ್ತವೆ. 1960ರ ದಶಕದ ಕೊನೆಗೆ ಪಕ್ಕದಲ್ಲೇ 60 ಮಹಡಿಯ ಜಾನ್ ಹ್ಯಾನ್‌ಕಾಕ್ ಟವರಿಗೆ ಪಾಯ ತೋಡಿದರು. ಗುಂಡಿಯ ಸುತ್ತ ನಿಲ್ಲಿಸಿದ್ದ ಉಕ್ಕಿನ ತಡೆಗೋಡೆ ಒಳಕ್ಕೆ ಬಾಗಿತು, ಮಣ್ಣು ಸರಿಯಿತು, ಚರ್ಚಿನ ಗೋಡೆ ಬಿರುಕು ಬಿಟ್ಟಿತು. ಚರ್ಚಿನವರು ಕೋರ್ಟಿಗೆ ಹೋದರು. ಪರಿಹಾರ ಕೊಡಬೇಕೆಂಬ ತೀರ್ಪನ್ನು 1987ರಲ್ಲಿ ಅಲ್ಲಿನ ರಾಜ್ಯದ ಉನ್ನತ ನ್ಯಾಯಾಲಯ ಎತ್ತಿಹಿಡಿಯಿತು. ವಿಚಿತ್ರ ನೋಡ್ರಿ, ಟವರಿನ ವಾಸ್ತುಶಿಲ್ಪಿ ಹೆನ್ರಿ ಕಾಬ್ ಗಾಜಿನ ಗೋಡೆ ಮಾಡಿದ್ದೇ ಅದರಲ್ಲಿ ಚರ್ಚಿನ ಪ್ರತಿಬಿಂಬ ಬೀಳಲಿ, ಅದಕ್ಕೆ ಮರ್ಯಾದೆ ಸಿಗಲಿ ಅಂತ. ಪ್ರತಿಬಿಂಬವೇನೋ ಚೆನ್ನಾಗಿ ಬಂತು.

ನಮ್ಮ ಕಡೆ ಜೌಗಿಲ್ಲ, ಎರೆ ಮಣ್ಣಿದೆ. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತೆ. ಅದರ ಮೇಲೆ ನಿಂತ ಹಳೇ ಗೋಡೆಗಳಲ್ಲಿ ಸಿಮೆಂಟ್ ಇಲ್ಲ; ಕಲ್ಲು ಮತ್ತು ಸುಣ್ಣದ ಗಚ್ಚು. ಅಥಣಿಯ ಗಚ್ಚಿನಮಠದ ಹೆಸರಲ್ಲೇ ಅದಿದೆ. ಗಚ್ಚು ತೇವ ಹೀರಿಕೊಂಡು ಬಿಸಿಲಿಗೆ ಬಿಟ್ಟುಕೊಡುತ್ತೆ, ಸಣ್ಣಪುಟ್ಟ ಅಲುಗಾಟ ತಡೆಯುತ್ತೆ. ಪಕ್ಕದಲ್ಲಿ ಎರಡು ಅಂತಸ್ತಿನ ಬೇಸ್‌ಮೆಂಟ್ ತೋಡಿ ಹಗಲು ರಾತ್ರಿ ಪಂಪ್ ಹಚ್ಚಿ ನೀರು ಎತ್ತಿದರೆ, ಗೋಡೆಯ ಕೆಳಗಿನ ಮಣ್ಣು ಒಣಗಿ ಕುಗ್ಗುತ್ತೆ. ಅದನ್ನು ಮಾತ್ರ ಗಚ್ಚು ತಡೆಯಲಾರದು. ಅದಕ್ಕೇ ನನ್ನ ಮಟ್ಟಿಗೆ, ಹಳೇ ಕಟ್ಟಡದ ಪಕ್ಕ ಬೇಸ್‌ಮೆಂಟೇ ಬೇಡ. ಪಾರ್ಕಿಂಗ್ ನೆಲದ ಮೇಲೆ ಇರಲಿ, ಒಂದು ಮಹಡಿ ಮನೆ ಕಡಿಮೆಯಾದರೂ ಆಗಲಿ.

ನೆರಳಿನ ಲೆಕ್ಕವೂ ಇದೆ. ನಮ್ಮೂರುಗಳ ಅಕ್ಷಾಂಶದಲ್ಲಿ ಡಿಸೆಂಬರ್ ಮಧ್ಯಾಹ್ನ 30 ಮೀಟರ್ ಎತ್ತರದ ಕಟ್ಟಡದ ನೆರಳು ಉತ್ತರಕ್ಕೆ ಸುಮಾರು 25 ಮೀಟರ್ ಚಾಚುತ್ತೆ. ಬೆಳಿಗ್ಗೆ ಸಂಜೆ ಇನ್ನೂ ಉದ್ದ. ಚರ್ಚಿನ ದಕ್ಷಿಣಕ್ಕೆ ಟವರ್ ಬಂದರೆ ಮಳೆಯಲ್ಲಿ ನೆನೆದ ಗಚ್ಚು ಬೇಗ ಒಣಗಲ್ಲ, ಪಾಚಿ ಹಿಡಿಯುತ್ತೆ. ಉತ್ತರಕ್ಕೆ ಸರಿಸಿದರೆ ಆ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತೆ, ಖರ್ಚೂ ಇಲ್ಲ.

ಇನ್ನು ಕಟ್ಟೆ. ನಿಪ್ಪಾಣಿಯ ವಾಡೆಯಿಂದ ಹತ್ತನೇ ಮಹಡಿಗೆ ಬಂದ ಅಪ್ಪ ಅವ್ವ ಸಂಜೆ ಎಲ್ಲಿ ಕೂರಬೇಕು? ಬಿಲ್ಡರ್ ಕ್ಲಬ್‌ಹೌಸ್ ತೋರಿಸ್ತಾನೆ. ಅಲ್ಲಿ ಟ್ರೆಡ್‌ಮಿಲ್ ಇರುತ್ತೆ, ಮಾತಾಡೋಕೆ ಜನ ಇರಲ್ಲ. ಹಳೇ ಚರ್ಚಿನ ಅಂಗಳದಲ್ಲಿ ಮರ, ನೆರಳು, ಹೋಗಿ ಬರುವ ಜನ ಎಲ್ಲ ಇದೆ. ಆ ಕಡೆಗೆ ಎಂಟಡಿ ಕಾಂಪೌಂಡ್ ಎಬ್ಬಿಸುವ ಬದಲು ಸಣ್ಣ ಗೇಟು, ಕಲ್ಲುಬೆಂಚು, ಕೆಳಗೊಂದು ಚಹಾದಂಗಡಿ, ಬಾಲವಾಡಿ ಇಟ್ಟರೆ ಸಾಕು. ಚರ್ಚಿನವರು ಒಪ್ಪಬೇಕು, ನಿಜ. ಕೇಳದೆ ಯಾರು ಒಪ್ತಾರೆ? ಭಾನುವಾರದ ಗಂಟೆ ಬಗ್ಗೆ ಆಮೇಲೆ ಸೊಸೈಟಿ ವಾಟ್ಸಾಪ್ ಗ್ರೂಪಿನಲ್ಲಿ ಜಗಳ ತೆಗೆಯೋದಕ್ಕಿಂತ ಇದು ವಾಸಿ.

ಕಾನೂನು ಕಾಯುತ್ತೆ ಅಂತ ನಂಬಿ ಕೂರಬೇಡಿ. 2010ರ ತಿದ್ದುಪಡಿ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಿತ. ಪಟ್ಟಿಯಲ್ಲಿ ಇಲ್ಲದ ಚರ್ಚ್, ಮಠ, ಬಸದಿಗೆ ಈ ಅಳತೆ ಅನ್ವಯಿಸಲ್ಲ.

ಹಾಗಂತ ಕೈಲಾಗದ್ದೇನಲ್ಲ. ಬೆಂಗಳೂರಿನ ಆಲ್ ಸೇಂಟ್ಸ್ ಚರ್ಚಿನ ಅಂಗಳದ ಹಳೇ ಮರಗಳಿಗೆ ಮೆಟ್ರೊ ನಿಲ್ದಾಣದಿಂದ ಕುತ್ತು ಬಂದಾಗ, ಅಲ್ಲಿನ ಜನ ಯೋಜನೆಗೆ ಸಾಲ ಕೊಟ್ಟಿದ್ದ ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕಿಗೇ ದೂರು ಕೊಟ್ಟರು. ದುಡ್ಡು ಕೊಡುವವರ ಮಾತಿಗೆ ತೂಕ ಇರುತ್ತೆ ಅಂತ ಅವರಿಗೆ ಗೊತ್ತಿತ್ತು. ಫ್ಲಾಟಿನ ವಿಷಯದಲ್ಲಿ ದುಡ್ಡು ಕೊಡೋರು ನೀವು, ಅದೂ ಇಪ್ಪತ್ತು ವರ್ಷ ಇಎಂಐ ಕಟ್ಟಿ. ಟೋಕನ್ ಕೊಡುವ ಮುಂಚೆ ಮಣ್ಣು ಪರೀಕ್ಷೆಯ ವರದಿ ಕೇಳಿ. ಗುಂಡಿ ಎಷ್ಟು ಆಳ, ನೀರು ಎಲ್ಲಿಗೆ ಬಿಡ್ತೀರಿ ಅಂತ ಕೇಳಿ. ಕೆಲಸ ಶುರುವಾಗುವ ಮುನ್ನ ಪಕ್ಕದ ಗೋಡೆಯ ಬಿರುಕುಗಳ ಫೋಟೊ ತೆಗೆದು, ಬಿರುಕಿಗೆ ಅಡ್ಡ ಗಾಜಿನ ಪಟ್ಟಿ ಅಂಟಿಸಿದ್ದಾರಾ ನೋಡಿ. ಗೋಡೆ ಸರಿದರೆ ಮೊದಲು ಒಡೆಯೋದು ಆ ಗಾಜು.