ನಮ್ಮ ಲೋಟ ಎಲ್ಲಿ ಸ್ವಾಮಿ?

ಟೀಗೂ ಕಾಫಿಗೂ ಮ್ಯೂಸಿಯಂ ಬಂದು ಬಹಳ ಕಾಲವಾಯಿತು. ಲಂಡನ್ನಿನಲ್ಲಿ ಟೀ ಕಸುಬಿನಲ್ಲೇ ಪಳಗಿದ ಎಡ್ವರ್ಡ್ ಬ್ರಾಮಾ 1992ರಲ್ಲಿ ಒಂದನ್ನು ತೆರೆದಿದ್ದ. ಟೀ ಪಾಟು, ಕಾಫಿ ಯಂತ್ರಗಳ ರಾಶಿ. ಅದು ಈಗ ಮುಚ್ಚಿಹೋಗಿದೆ. ಮುನ್ನಾರಿನಲ್ಲಿ 2004ರಲ್ಲಿ ಟಾಟಾ ಟೀ ಕಂಪನಿ ಒಂದು ಮಾಡಿತು. ನಮ್ಮ ಚಿಕ್ಕಮಗಳೂರಲ್ಲಿ ಕಾಫಿ ಬೋರ್ಡು 'ಕಾಫಿ ಯಾತ್ರೆ' ಅಂತ ಮಾಡಿದೆ. ಒಳ್ಳೇದು. ಗಂಟಲಿಳಿದ ಮೇಲೆ ಮಾಯವಾಗೋ ಪದಾರ್ಥಕ್ಕೂ ಚರಿತ್ರೆ ಉಂಟು ಅಂತ ಒಪ್ಪಿದರಲ್ಲ. ನಾವು ಕೇಳೋದು ಇಷ್ಟೆ: ನಮ್ಮ ಲೋಟ ಎಲ್ಲಿಟ್ಟಿದ್ದೀರಿ?

ಯಾವ ಲೋಟ ಅಂತ ಕೇಳಬೇಡಿ. ಹೋಟ್ಲಿನ ಹೊರಗೆ ಸೂರಿಗೆ ಸಿಕ್ಕಿಸಿರುತ್ತಿದ್ದ ಲೋಟ. ನಾವೇ ತಗೊಂಡು, ಮೇಲಿಂದ ಹೊಯ್ದಿದ್ದನ್ನು ಕುಡಿದು, ನಾವೇ ತೊಳೆದು ಮತ್ತೆ ಅಲ್ಲೇ ಸಿಕ್ಕಿಸಬೇಕು. ಕೆಲವು ಕಡೆ ಅದೂ ಇಲ್ಲ, ತೆಂಗಿನ ಕರಟ. ಚೀನಾದ ಪಿಂಗಾಣಿ ಬಟ್ಟಲಿಗೆ ಹಿಡಿ ಯಾಕಿರಲಿಲ್ಲ, ಯುರೋಪಿಗೆ ಹೋದ ಮೇಲೆ ಹಿಡಿ ಹೇಗೆ ಬಂತು ಅಂತ ವಿದ್ವಾಂಸರು ಪುಟಗಟ್ಟಲೆ ಬರೀತಾರೆ. ಕರಟಕ್ಕೆ ಹಿಡಿ ಯಾಕಿಲ್ಲ ಅಂತ ಬರೆಯೋ ವಿದ್ವಾಂಸ ಇನ್ನೂ ಹುಟ್ಟಬೇಕು!

1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ (1976ರಿಂದ ಅದರ ಹೆಸರು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ) ಹೋಟೆಲಿನ ಪಾತ್ರೆಪಗಡೆ ಬಳಸದಂತೆ ತಡೆಯೋದು ಅಪರಾಧ ಅಂತ ಬಿಡಿಸಿ ಹೇಳುತ್ತದೆ. ದೇಶದ ಪಾರ್ಲಿಮೆಂಟು ಕೂತು ಒಂದು ಲೋಟಕ್ಕಾಗಿ ಕಾನೂನು ಮಾಡಬೇಕಾಯಿತು ಅಂದರೆ ಅದಕ್ಕಿಂತ ಚಾರಿತ್ರಿಕ ವಸ್ತು ಯಾವುದಯ್ಯಾ? ಕಾನೂನಿಗೆ ಹೆದರಿ ಎಷ್ಟೋ ಕಡೆ ಏನು ಮಾಡಿದರು? ಅವರಿಗೆ ಸ್ಟೀಲು ಲೋಟ, ನಮಗೆ ಕುಡಿದು ಬಿಸಾಡೋ ಪ್ಲಾಸ್ಟಿಕ್ಕು. ಕರಟವೂ ಪ್ರಗತಿ ಹೊಂದಿತು.

ಲೋಟ ಮುಟ್ಟಬಾರದ ಈ ಕೈ ಎಲೆ ಚಿವುಟಬಹುದು, ಹಣ್ಣು ಕುಯ್ಯಬಹುದು. ಅದಕ್ಕೆ ಮೈಲಿಗೆ ಇಲ್ಲ. ಬಾಬಾ ಬುಡನ್ ಏಳು ಬೀಜ ತಂದ ಕತೆ ಎಲ್ಲರಿಗೂ ಬಾಯಿಪಾಠ. ಕೆಂಟ್ ಅನ್ನೋ ದೊರೆಯ ಹೆಸರು ಒಂದು ಕಾಫಿ ತಳಿಗೇ ಅಂಟಿಕೊಂಡಿದೆ. ಗುಂಡಿ ತೋಡಿದ ಹೊಲೆಯರ, ಮಾದಿಗರ ಹೆಸರು ಯಾವ ಗಿಡಕ್ಕಿದೆ? ಮಂಜ್ರಾಬಾದಿನಲ್ಲಿ ತೋಟ ಮಾಡಿದ ಎಲಿಯಟ್ ದೊರೆ 1871ರಲ್ಲಿ ತನ್ನ ಅನುಭವದ ಪುಸ್ತಕ ಬರೆದ. ಅದರಲ್ಲಿ ಜಾತಿ ಪದ್ಧತಿಯಿಂದ ಉಪಕಾರವುಂಟು ಅಂತ ವಾದ ಹೂಡಿದ್ದಾನೆ. ತೋಟದ ಧಣಿಗೆ ಹಾಗೆ ಕಾಣದೆ ಇನ್ನು ಹೇಗೆ ಕಾಣಬೇಕು?

ಮುನ್ನಾರಿನ ಮ್ಯೂಸಿಯಮ್ಮಿನಲ್ಲಿ ಎಲೆ ಹೊಸೆಯುವ ಹಳೇ ಯಂತ್ರ ಇಟ್ಟಿದ್ದಾರೆ. ಆ ಸೀಮೆಯ ತೋಟಗಳ ಹೆಂಗಸರು, ಬಹುಪಾಲು ತಮಿಳು ದಲಿತರು, 2015ರ ಸೆಪ್ಟೆಂಬರಿನಲ್ಲಿ ಶೇ. 20 ಬೋನಸ್ಸಿಗಾಗಿ ಕೆಲಸ ಬಿಟ್ಟು ರಸ್ತೆಗೆ ಕೂತರು. ಆಗ ದಿನಗೂಲಿ 232 ರೂಪಾಯಿ. ಕಂಪನಿಯನ್ನಷ್ಟೇ ಅಲ್ಲ, ಯೂನಿಯನ್ ಲೀಡರುಗಳನ್ನೂ ಹತ್ತಿರ ಸೇರಿಸಲಿಲ್ಲ. 'ಪೆಂಬಿಳೈ ಒರುಮೈ', ಹೆಣ್ಣುಗಳ ಒಗ್ಗಟ್ಟು, ಅಂತ ತಮಗೆ ತಾವೇ ಹೆಸರಿಟ್ಟುಕೊಂಡು ಬೋನಸ್ಸನ್ನು ಗೆದ್ದರು. ಐದು ವರ್ಷ ಕಳೆದು, 2020ರ ಆಗಸ್ಟ್ 6ರ ರಾತ್ರಿ, ಪೆಟ್ಟಿಮುಡಿಯಲ್ಲಿ ಗುಡ್ಡ ಜರಿದು ತೋಟದ ಲೈನ್ ಮನೆಗಳ ಮೇಲೆ ಬಿತ್ತು. 70 ಜನ ಮಣ್ಣಾದರು. ಗೋಡೆಗೆ ಗೋಡೆ ಅಂಟಿದ ಆ ಸಾಲು ಮನೆಗಳು ಬಿಳಿ ದೊರೆಗಳ ಕಾಲದ ನಮೂನೆ. ಯಂತ್ರ ಹಳೇದಾಯಿತು, ಮ್ಯೂಸಿಯಂ ಸೇರಿತು. ಲೈನ್ ಮನೆ ಸೇರಲಿಲ್ಲ, ಯಾಕಂದ್ರೆ ಅದರೊಳಗೆ ಇನ್ನೂ ಜನ ಇದ್ದರು.

ಅದು ಕೇರಳದ ಮಾತು ಅಂತ ಮೂಗು ತಿರುಗಿಸಬೇಡಿ. ಚಿಕ್ಕಮಗಳೂರು ಜಿಲ್ಲೆಯಲ್ಲೇ 2022ರ ಅಕ್ಟೋಬರಿನಲ್ಲಿ, ಸಾಲ ತೀರಿಸಿಲ್ಲ ಅಂತ ದಲಿತ ಕೂಲಿಗಳನ್ನು ಕಾಫಿ ತೋಟದಲ್ಲಿ ಕೂಡಿಹಾಕಿದ ಆರೋಪದ ಮೇಲೆ ಪೊಲೀಸ್ ಕೇಸಾಯಿತು. ಜೀತ ರದ್ದಾಗಿದ್ದು 1976ರಲ್ಲಿ!

ಆದ್ದರಿಂದ ಕಾಫಿ ಬೋರ್ಡಿನ ಮಹನೀಯರೇ, ನಿಮ್ಮಲ್ಲಿ ಒಂದು ಗಾಜಿನ ಪೆಟ್ಟಿಗೆ ಖಾಲಿ ಮಾಡಿಕೊಡಿ. ಕರಟ ನಾವು ತರ್ತೀವಿ. ಮುಂಗಡದ ಲೆಕ್ಕದ ಪುಸ್ತಕ ಮಾತ್ರ ಧಣಿಗಳ ಹತ್ತಿರ ನೀವೇ ಕೇಳಿ ತರಬೇಕು. ನಾವು ಕೇಳಿದರೆ ಅವರು ಕೊಡೋದಿಲ್ಲ.