ಸಣ್ಣ ಎಂಜಿನ್ನು ಕಲಿಸುವ ದೊಡ್ಡ ಪಾಠ

ಪಂದ್ಯದ ಕಾರು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ನೂರಾರು ಅಶ್ವಶಕ್ತಿಯ, ಕಿವಿ ಕಿವುಡಾಗುವಂತೆ ಆರ್ಭಟಿಸುವ ಯಂತ್ರ. ಸಂಸಾರವಂದಿಗನು ಹೆಂಡತಿ ಮಕ್ಕಳನ್ನೂ ಸಂತೆಯ ಚೀಲಗಳನ್ನೂ ಹೇರಿಕೊಂಡು ಹೋಗುವ ಅಗ್ಗದ ಕಾರಿನ ಎಂಜಿನ್ನನ್ನು ಕಳಚಿ, ಒಂದೇ ಆಸನದ ಪಂದ್ಯದ ಕಾರಿಗೆ ಜೋಡಿಸುತ್ತಾರೆಂದರೆ ಅನೇಕರು ನಕ್ಕುಬಿಡುತ್ತಾರೆ. “ನಲವತ್ತು ಅಶ್ವಶಕ್ತಿಯಲ್ಲಿ ಎಂಥ ಪಂದ್ಯ, ಸ್ವಾಮಿ?” ಎಂದು ನನ್ನ ತರಗತಿಯ ವಿದ್ಯಾರ್ಥಿಯೊಬ್ಬನು ಕೇಳಿದನು. ಹೊಸದಾಗಿ ಪಂದ್ಯಕ್ಕಿಳಿಯುವವನಿಗೆ ಇದಕ್ಕಿಂತ ಒಳ್ಳೆಯ ಗುರು ಮತ್ತೊಂದಿಲ್ಲವೆಂಬುದೇ ನನ್ನ ಉತ್ತರ. ಅದಕ್ಕೆ ಕಾರಣಗಳನ್ನು ವಾಚಕರ ಮುಂದೆಯೂ ಇಡುತ್ತೇನೆ.

ಇದು ಕೇವಲ ಕಲ್ಪನೆಯ ಮಾತಲ್ಲ. ೧೯೮೩ರ ಡಿಸೆಂಬರಿನಲ್ಲಿ ನಮ್ಮ ರಸ್ತೆಗಿಳಿದ ಮಾರುತಿ ೮೦೦ ಕಾರಿನಲ್ಲಿ ಮೂರು ಸಿಲಿಂಡರುಗಳ, ೭೯೬ ಘನ ಸೆಂಟಿಮೀಟರಿನ ಎಂಜಿನ್ನಿತ್ತು. ಅದರ ಶಕ್ತಿ ಸುಮಾರು ೪೦ ಅಶ್ವಶಕ್ತಿ. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು ಆ ಎಂಜಿನ್ನನ್ನೇ ಬಳಸಿ ಒಂಟಿ ಆಸನದ ಕಾರುಗಳನ್ನು ರೂಪಿಸಿದರು. ‘ಫಾರ್ಮುಲಾ ಮಾರುತಿ’ ಎಂಬ ಪಂದ್ಯವರ್ಗ ಹುಟ್ಟಿತು. ಫಾರ್ಮುಲಾ ಎಂದರೆ ಎಲ್ಲ ಕಾರುಗಳೂ ಒಪ್ಪಿ ನಡೆಯಬೇಕಾದ ನಿಯಮಗಳ ಕಟ್ಟು, ಅಷ್ಟೆ. ಈ ವರ್ಗದಲ್ಲಿ ಓಡಿಸಿ ಬೆಳೆದ ನಾರಾಯಣ್ ಕಾರ್ತಿಕೇಯನ್ ೨೦೦೫ರಲ್ಲಿ ಫಾರ್ಮುಲಾ ಒಂದನ್ನು ಪ್ರವೇಶಿಸಿದ ಮೊದಲ ಭಾರತೀಯರಾದರು. ೨೦೧೦ರಲ್ಲಿ ಅಲ್ಲಿಗೆ ತಲಪಿದ ಕರುಣ್ ಚಂಧೋಕರೂ ಇದೇ ಗರಡಿಯಲ್ಲಿ ಸಾಮು ಮಾಡಿದವರು.

ಈಗ ಸ್ವಲ್ಪ ಭೌತಶಾಸ್ತ್ರ. ಕಾರು ತಿರುವಿನಲ್ಲಿ ಹೋಗುವಾಗ ಅದನ್ನು ವೃತ್ತಪಥದಲ್ಲಿ ಹಿಡಿದಿಡುವುದು ಟೈರಿಗೂ ನೆಲಕ್ಕೂ ನಡುವಣ ಘರ್ಷಣೆ. ಘರ್ಷಣ ಗುಣಾಂಕ ೧ ಎಂದೂ ತಿರುವಿನ ತ್ರಿಜ್ಯ ೪೦ ಮೀಟರು ಎಂದೂ ಇಟ್ಟುಕೊಂಡರೆ, ಜಾರದೆ ಸಾಗಬಹುದಾದ ಪರಮ ವೇಗ ಗಂಟೆಗೆ ಸುಮಾರು ೭೧ ಕಿಲೋಮೀಟರು. ಈ ಲೆಕ್ಕದಲ್ಲಿ ಅಶ್ವಶಕ್ತಿಯ ಮಾತೇ ಬರುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಗಾಳಿಯನ್ನು ಒತ್ತಿ ಹಿಡಿಯುವ ರೆಕ್ಕೆಗಳಿಲ್ಲದಿದ್ದರೆ, ಆ ತಿರುವಿನಲ್ಲಿ ಸಣ್ಣ ಎಂಜಿನ್ನಿನ ಕಾರೂ ದೊಡ್ಡ ಎಂಜಿನ್ನಿನ ಕಾರೂ ಸಮಾನ. ಅಲ್ಲಿ ಪರೀಕ್ಷೆಗೆ ಒಳಗಾಗುವವನು ಚಾಲಕ.

ಆ ಪರೀಕ್ಷೆಯ ಫಲ ತಿಳಿಯುವುದು ತಿರುವು ಮುಗಿದ ಮೇಲೆ. ಚಾಲಕನೂ ಸೇರಿ ಕಾರಿನ ತೂಕ ೪೫೦ ಕಿಲೋಗ್ರಾಂ ಎಂದು ಭಾವಿಸೋಣ. ಒಬ್ಬನು ತಿರುವಿನಿಂದ ೭೦ ಕಿಲೋಮೀಟರು ವೇಗದಲ್ಲಿ ಹೊರಬಂದನು. ಇನ್ನೊಬ್ಬನು ಬ್ರೇಕನ್ನು ಅನಾವಶ್ಯಕವಾಗಿ ಒತ್ತಿ ೬೬ರಲ್ಲಿ ಹೊರಬಂದನು. ಚಲನಶಕ್ತಿಯಲ್ಲಿ ಇವರಿಬ್ಬರ ವ್ಯತ್ಯಾಸ ಸುಮಾರು ೯,೪೫೦ ಜೌಲು. ಚಕ್ರಗಳಿಗೆ ೨೪ ಕಿಲೋವಾಟು ಮುಟ್ಟಿಸುವ ಸಣ್ಣ ಎಂಜಿನ್ನು ಈ ಕೊರತೆಯನ್ನು ತುಂಬಲು ೦.೪ ಸೆಕೆಂಡು ತೆಗೆದುಕೊಳ್ಳುತ್ತದೆ. ೧೦೦ ಕಿಲೋವಾಟಿನ ಎಂಜಿನ್ನಿಗೆ ೦.೧ ಸೆಕೆಂಡು ಸಾಕು. ಅಂದರೆ ದೊಡ್ಡ ಎಂಜಿನ್ನು ಚಾಲಕನ ತಪ್ಪನ್ನು ಬಹುಬೇಗ ಮುಚ್ಚಿಹಾಕುತ್ತದೆ. ಸಣ್ಣದು ಅದನ್ನು ಎಲ್ಲರ ಕಣ್ಣಿಗೂ ಕಾಣುವಂತೆ ಎತ್ತಿ ತೋರಿಸುತ್ತದೆ. ಗಳಿಸಿದ ವೇಗವನ್ನು ಜಿಪುಣನು ಕಾಸು ಕಾಯುವಂತೆ ಕಾಯ್ದುಕೊಳ್ಳಬೇಕೆಂಬ ಬುದ್ಧಿ ಇಲ್ಲಿ ತಾನಾಗಿ ಬರುತ್ತದೆ.

ಹಾಗಾದರೆ ಅದೇ ಸಣ್ಣ ಎಂಜಿನ್ನನ್ನು ತಿದ್ದಿ ಅದರಿಂದ ಹೆಚ್ಚು ಶಕ್ತಿಯನ್ನು ಹಿಂಡಬಾರದೇಕೆ ಎಂದು ಕೇಳಬಹುದು. ಮಾರುತಿ ೮೦೦ರ ಮೊದಲ ಎಂಜಿನ್ನಿನಲ್ಲಿ ಪಿಸ್ಟನ್ನು ಒಂದು ಸಲಕ್ಕೆ ೭೨ ಮಿಲಿಮೀಟರು ಚಲಿಸುತ್ತದೆ. ನಿಮಿಷಕ್ಕೆ ೫,೫೦೦ ಸುತ್ತುಗಳಾದರೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ೧೩ ಮೀಟರಿಗೆ ಸ್ವಲ್ಪ ಹೆಚ್ಚು; ೭,೫೦೦ ಸುತ್ತುಗಳಾದರೆ ೧೮ ಮೀಟರು. ಬಿಡಿಭಾಗಗಳನ್ನು ಎಳೆದಾಡುವ ಜಡತ್ವದ ಬಲವಾದರೋ ಸುತ್ತುಗಳ ವರ್ಗಕ್ಕನುಗುಣವಾಗಿ ಏರಿ, ಸುಮಾರು ಒಂದೂಮುಕ್ಕಾಲು ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಅದನ್ನು ತಾಳಿಕೊಳ್ಳಲು ಬೇರೆ ಪಿಸ್ಟನ್ನು, ಬೇರೆ ದಂಡ, ಬೇರೆ ಕವಾಟದ ಸ್ಪ್ರಿಂಗು, ಹೀಗೆ ಒಂದೊಂದಾಗಿ ಎಲ್ಲವೂ ಬೇಕಾಗುತ್ತವೆ. ಕೊನೆಗೆ ಅಗ್ಗದ ಎಂಜಿನ್ನಿನಲ್ಲಿ ಅಗ್ಗವಾಗಿ ಉಳಿಯುವುದು ಹೆಸರೊಂದೇ.

ಇತಿಹಾಸದಲ್ಲಿಯೂ ಇದಕ್ಕೆ ಸಾಕ್ಷ್ಯವುಂಟು. ೧೯೫೮ರಲ್ಲಿ ಇಟಲಿಯಲ್ಲಿ ಕೌಂಟ್ ಲುರಾನಿಯವರ ಪ್ರಯತ್ನದಿಂದ ‘ಫಾರ್ಮುಲಾ ಜೂನಿಯರ್’ ಆರಂಭವಾಯಿತು. ಫಿಯಟ್ಟಿನಂಥ ಸಾಮಾನ್ಯ ಕಾರಿನ ಎಂಜಿನ್ನಿನಿಂದ ಹೊಸಬರಿಗೆ ದಾರಿ ಮಾಡಿಕೊಡುವುದೇ ಅದರ ಉದ್ದೇಶ. ಆದರೆ ಎಂಜಿನ್ನನ್ನು ತಿದ್ದುವುದಕ್ಕೆ ಅಲ್ಲಿ ಅವಕಾಶವಿತ್ತು. ಇಂಗ್ಲೆಂಡಿನ ಕಾಸ್‌ವರ್ತ್ ಸಂಸ್ಥೆ ಫೋರ್ಡ್ ಆಂಗ್ಲಿಯಾ ಎಂಜಿನ್ನನ್ನು ತಿದ್ದಿ, ರಸ್ತೆಯಲ್ಲಿ ಸುಮಾರು ೪೦ ಇದ್ದ ಅಶ್ವಶಕ್ತಿಯನ್ನು ಇಮ್ಮಡಿಗೆ ಹತ್ತಿರ ತಂದಿತು. ಬಳಿಕ ಅದನ್ನೂ ದಾಟಿತು. ವೆಚ್ಚ ಮುಗಿಲಿಗೇರಿತು, ಮೊದಲಿನ ಇಟಲಿಯ ಕಾರುಗಳು ಹಿಂದೆ ಬಿದ್ದವು, ೧೯೬೩ರ ಕೊನೆಗೆ ಆ ವರ್ಗವೇ ಮುಗಿಯಿತು. ಅದೇ ೧೯೬೩ರಲ್ಲಿ ಅಮೆರಿಕದಲ್ಲಿ ಅಧಿಕೃತ ಮನ್ನಣೆ ಪಡೆದ ‘ಫಾರ್ಮುಲಾ ವೀ’ ಫೋಕ್ಸ್‌ವ್ಯಾಗನ್ ಬೀಟಲಿನ ೧೨೦೦ರ ಎಂಜಿನ್ನನ್ನು ನಂಬಿತು. ತಿದ್ದುಪಡಿಗೆ ಬಿಗಿಯಾದ ಎಲ್ಲೆ ಕಟ್ಟಿತು. ಅದು ಇಂದಿಗೂ ಬದುಕಿದೆ.

ಪ್ರಯೋಗಶಾಲೆಯ ನೀತಿಯೂ ಇದೇ. ಒಂದು ಅಂಶದ ಪರಿಣಾಮವನ್ನು ತಿಳಿಯಬೇಕಾದರೆ ಉಳಿದವುಗಳನ್ನು ಬದಲಾಗದಂತೆ ಹಿಡಿದಿಡುತ್ತೇವೆ. ಎಂಜಿನ್ನುಗಳಿಗೆ ಮೊಹರು ಹಾಕಿ, ಅವನ್ನು ಚೀಟಿಯೆತ್ತಿ ಹಂಚಿದರೆ ಗೆದ್ದವನ ಕೌಶಲವನ್ನು ನಾವು ನಂಬಬಹುದು. ಇಲ್ಲವಾದರೆ ಅಳೆಯುತ್ತಿರುವುದು ಕೈಚಳಕವನ್ನೋ ತಂದೆಯ ಹಣದ ಥೈಲಿಯನ್ನೋ ಹೇಳುವುದು ಕಷ್ಟ.

ಆದರೂ ಮನೆಯ ಕಾರಿನ ಎಂಜಿನ್ನನ್ನು ಇದ್ದಂತೆಯೇ ತಂದು ಕೂರಿಸಿದರೆ ಸಾಲದು. ಗುಣಾಂಕ ೧ರ ತಿರುವಿನಲ್ಲಿ ಎಣ್ಣೆಯ ಮೇಲ್ಮೈ ೪೫ ಡಿಗ್ರಿ ವಾಲಿ ಒಂದು ಪಕ್ಕಕ್ಕೆ ಸರಿಯುತ್ತದೆ. ಪಂಪು ಎಣ್ಣೆಯ ಬದಲು ಗಾಳಿಯನ್ನು ಹೀರಿ, ಬೇರಿಂಗುಗಳು ಒಣಗಿ ಸುಟ್ಟುಹೋಗಬಹುದು. ಎಣ್ಣೆಯ ತೊಟ್ಟಿಯೊಳಗೆ ತಡೆಹಲಗೆಗಳನ್ನಿಡುವುದು ಅವಶ್ಯ. ಇದು ವೇಗಕ್ಕಾಗಿ ಮಾಡಿದ ತಿದ್ದುಪಡಿಯಲ್ಲ, ಬಾಳಿಕೆಗಾಗಿ ಮಾಡಿದ್ದು. ನಿಯಮ ಬರೆಯುವವರು ಈ ಭೇದವನ್ನು ಮರೆಯಬಾರದು. ಚಾಲಕನ ರಕ್ಷಣೆಯಲ್ಲಂತೂ ಕಾಸು ಉಳಿಸಲೇಬಾರದು. ಎಂಜಿನ್ನು ಸಣ್ಣದಾದರೂ ಗೋಡೆ ಮೆತ್ತಗಾಗುವುದಿಲ್ಲ.

ಮಾರುತಿ ೮೦೦ರ ತಯಾರಿಕೆ ೨೦೧೪ರಲ್ಲಿ ನಿಂತಿತು. ಅದೇ ಸಂಸ್ಥೆಯ ೧೩೦೦ ಘನ ಸೆಂಟಿಮೀಟರಿನ ಎಂಜಿನ್ನು ‘ಎಲ್‌ಜಿಬಿ ಫಾರ್ಮುಲಾ ೪’ ವರ್ಗದಲ್ಲಿ ಅದೇ ಪರಂಪರೆಯನ್ನು ಮುಂದುವರಿಸಿತು. ೨೦೨೩ರಲ್ಲಿ ಫ್ರಾನ್ಸಿನಲ್ಲಿ ತಯಾರಾದ ಕಾರುಗಳೊಡನೆ ಅಂತಾರಾಷ್ಟ್ರೀಯ ನಿಯಮದ ಫಾರ್ಮುಲಾ ೪ ಪಂದ್ಯವೂ ನಮ್ಮ ದೇಶದಲ್ಲಿ ಪ್ರಾರಂಭವಾಯಿತು. ಅದು ಸಂತೋಷದ ಸಂಗತಿಯೇ. ಆದರೆ ಮಹಡಿ ಕಟ್ಟಿದೆವೆಂದು ಕೆಳಗಿನ ಮೆಟ್ಟಲನ್ನು ಕಿತ್ತುಹಾಕುವುದು ವಿವೇಕವಲ್ಲ. ಕಾರಿನ ಪಂದ್ಯ ಬಡವನ ಆಟವೆಂದು ನಾನು ಹೇಳಲಾರೆ. ಟೈರು, ಪ್ರಯಾಣ, ತರಬೇತಿಗಳ ಖರ್ಚೇ ಸಾಕಷ್ಟಿದೆ. ಆದರೆ ಊರಿನ ಮೆಕ್ಯಾನಿಕ್ಕನ ಕೈಗೆ ಪರಿಚಿತವಾದ, ಬಿಡಿಭಾಗಗಳು ಪೇಟೆಯಲ್ಲಿ ಸಿಗುವ ಎಂಜಿನ್ನು ಬಾಗಿಲನ್ನು ಒಂದು ಗೇಣಾದರೂ ಅಗಲಿಸುತ್ತದೆ. ಆ ಒಂದು ಗೇಣಿನ ಸಂದಿಯಿಂದ ಒಳಬರುವ ಹುಡುಗನೋ ಹುಡುಗಿಯೋ ಯಾರೆಂದು ಮೊದಲೇ ತಿಳಿಯದು. ಆದ್ದರಿಂದಲೇ ಅದನ್ನು ಮುಚ್ಚದೆ ಕಾಪಾಡಿಕೊಳ್ಳಬೇಕು.