ಯುದ್ಧದ ಮಾತೂ ಕಲಿಯಬೇಕು

ಹಾಂಗ್‌ಕಾಂಗ್‌ಗೆ ಬಂದು ಕ್ಯಾಂಟನೀಸ್ ಕಲಿಯುವ ನಮ್ಮವರು ತರಕಾರಿ ದರ, ಬಸ್ಸಿನ ದಾರಿ ಕೇಳುವಷ್ಟಕ್ಕೆ ನಿಲ್ಲಿಸಿಬಿಡುತ್ತಾರೆ. ಬಂದೂಕು, ದಾಳಿ, ಶರಣಾಗತಿಯ ಪದಗಳು ನಮಗೇಕೆ ಎನ್ನುತ್ತಾರೆ. ಬೇಕೇ ಬೇಕು ಎನ್ನುವವಳು ನಾನು.

1941ರ ಡಿಸೆಂಬರ್ 8ರಂದು ಜಪಾನ್ ಸೇನೆ ಈ ಊರಿನ ಮೇಲೆ ಬಿತ್ತು. ಕ್ರಿಸ್‌ಮಸ್ ದಿನ ಊರು ಶರಣಾಯಿತು. ಮುಂದಿನ ಜಪಾನಿ ಆಳ್ವಿಕೆಯನ್ನು ಇಲ್ಲಿಯವರು ಇಂದಿಗೂ ‘ಮೂರು ವರ್ಷ ಎಂಟು ತಿಂಗಳು’ ಎಂದೇ ಕರೆಯುವುದು. ನಮ್ಮ ಕಟ್ಟಡದ ಅಜ್ಜಿಯೊಬ್ಬರು ಆ ಕಾಲದ ಮಾತೆತ್ತಿದಾಗ ‘ತಾ ಚೋಂಗ್’, ಅಂದರೆ ಯುದ್ಧ ಮಾಡುವುದು, ಎಂಬುದು ತಿಳಿಯದಿದ್ದರೆ ಉಳಿದದ್ದೇನು ತಿಳಿದೀತು?

ಕ್ಯಾಂಟನೀಸ್‌ನಲ್ಲಿ ಸ್ವರವೇ ಅರ್ಥ. ‘ಛೋಂಗ್’ ಎಂದು ಎತ್ತರದ ದನಿಯಲ್ಲಿ ಹೇಳಿದರೆ ಬಂದೂಕು, ತಗ್ಗಿಸಿದರೆ ಗೋಡೆ. ಬಂದೂಕನ್ನು ಕೈಯಲ್ಲಿ ಹಿಡಿದರೆ ‘ಚಾ’, ಬೆನ್ನಿಗೆ ಹಾಕಿಕೊಂಡರೆ ‘ಮೆ’. ಕೂಸನ್ನು ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಳ್ಳುವುದಕ್ಕೂ ಇದೇ ‘ಮೆ’. ಅಜ್ಜಿ ಭುಜದ ಮೇಲಿನ ಪಟ್ಟಿಯನ್ನು ಬೆರಳಿನಿಂದ ಎಳೆದು ತೋರಿಸಿದ ಮೇಲೆಯೇ ನನಗದು ನಾಲಗೆಗೆ ಹತ್ತಿದ್ದು. ಪುಸ್ತಕದಿಂದ ಬರುವ ವಿದ್ಯೆಯಲ್ಲ ಇದು.

1941ರ ಆ ಕಾಳಗದಲ್ಲಿ ರಜಪೂತ್ ಮತ್ತು ಪಂಜಾಬ್ ರೆಜಿಮೆಂಟಿನ ಭಾರತೀಯರೂ ಹೋರಾಡಿದ್ದರು. ಸಾಯ್ ವಾನ್ ಸ್ಮಶಾನದ ಸ್ಮಾರಕದಲ್ಲಿ ಮಡಿದವರ ಹೆಸರುಗಳಿವೆ. ಇದು ಪರರ ಕಥೆಯಲ್ಲ.

ಆ ದಿನಗಳನ್ನು ಕಣ್ಣಾರೆ ಕಂಡವರು ಈಗ ಬೆರಳೆಣಿಕೆಯಷ್ಟು. ಹಾಂಗ್‌ಕಾಂಗ್‌ನಲ್ಲಿರುವ ಕನ್ನಡಿಗರೇ, ಈ ಪದಗಳನ್ನು ಕಲಿಯಿರಿ, ನೆರೆಮನೆಯ ಹಿರಿಯರನ್ನು ಈಗಲೇ ಮಾತನಾಡಿಸಿ.